ಆಫೀಸ್ ಫೋನಿಗೆ ಬೀಗ ಬಿದ್ದ ಕಥೆ

ಆಫೀಸಿನಲ್ಲಿ ಒಂಬತ್ತು ಒತ್ತಿದರೆ ರಿಸೆಪ್ಷನ್, ಸೊನ್ನೆ ಒತ್ತಿದರೆ ಹೊರಗಿನ ಲೈನ್. ನಮಗೆ ಅಷ್ಟಾದರೆ ಸಾಕು, ಅಲ್ವಾ? ಆದರೆ ಮೂಲೆಯಲ್ಲಿ ಕೂತ ಆ ಎಕ್ಸ್‌ಚೇಂಜ್ ಡಬ್ಬಿಯೊಳಗೆ ಬೀಗ ಹಾಕಿದ ಕೋಣೆಗಳು ಎಷ್ಟೋ ಇರುತ್ತವೆ. ಹತ್ತಾರು ಗ್ರಾಹಕರ ಬೀಗದಕೈ ಕಾಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಬೀಗಗಳ ಚರಿತ್ರೆ ಸ್ವಲ್ಪ ಹೇಳೋಣ ಅನ್ನಿಸಿತು.

ಮೊದಲು ಲೆಕ್ಕ ಸುಲಭವಿತ್ತು. ಹೆಚ್ಚು ಲೈನ್ ಬೇಕಾ? ಇನ್ನೊಂದು ಕಾರ್ಡ್ ತಂದು ಸಿಕ್ಕಿಸಿ. ದುಡ್ಡು ಕೊಟ್ಟಿದ್ದಕ್ಕೆ ಕೈಗೊಂದು ವಸ್ತು ಸಿಗುತ್ತಿತ್ತು. 1975ರಲ್ಲಿ ಅಮೆರಿಕದ ರೋಲ್ಮ್ ಸಿಬಿಎಕ್ಸ್, ಕೆನಡಾದ ನಾರ್ದರ್ನ್ ಟೆಲಿಕಾಂನ ಎಸ್‌ಎಲ್-1 ಬಂದವು ನೋಡಿ, ಎಕ್ಸ್‌ಚೇಂಜಿನೊಳಗೆ ಕಂಪ್ಯೂಟರ್ ಹೋಗಿ ಕೂತಿತು. ಮುಂದೆ ಸೌಲಭ್ಯಗಳೆಲ್ಲ ಬರೀ ಪ್ರೋಗ್ರಾಂ ಆದವು. ಪ್ರೋಗ್ರಾಂ ನಕಲು ಮಾಡಲು ಎಷ್ಟು ಹೊತ್ತು? ಅದಕ್ಕೇ ಬೀಗ!

ನಮ್ಮಲ್ಲಿ ಆಗ 'ಲೈಸೆನ್ಸ್' ಅಂದರೆ ಬೇರೆಯೇ ಅರ್ಥ. ಅದು ಬಳಸುವವನಿಗಲ್ಲ, ತಯಾರಿಸುವವನಿಗೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ತನ್ನ 128 ಪೋರ್ಟಿನ ಎಕ್ಸ್‌ಚೇಂಜ್ ತಂತ್ರಜ್ಞಾನವನ್ನು ಹಲವು ಕಂಪನಿಗಳಿಗೆ ಕೊಟ್ಟಿತು. ಅದೇ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ.

ಬೀಗದ ನಿಜವಾದ ಬಿಸಿ ತಟ್ಟಿದ್ದು ಆಮೇಲೆ. ನಾರ್ದರ್ನ್ ಟೆಲಿಕಾಂ ನಾರ್ಟೆಲ್ ಆಗಿತ್ತು. ಅದರ ಬಿಸಿಎಂ ಡಬ್ಬಿಗಳಿಗೆ ಒಂದೊಂದು ಸಿಸ್ಟಂ ಐಡಿ, ಆ ಐಡಿಗೆ ಮಾತ್ರ ಒಪ್ಪುವ ಕೀಕೋಡ್. 2009ರ ಜನವರಿಯಲ್ಲಿ ನಾರ್ಟೆಲ್ ದಿವಾಳಿಗೆ ಅರ್ಜಿ ಹಾಕಿತು. ಅದೇ ಡಿಸೆಂಬರಿನಲ್ಲಿ ಅವಾಯಾ 90 ಕೋಟಿ ಡಾಲರ್ ಕೊಟ್ಟು ಆ ವಿಭಾಗವನ್ನು ಕೊಂಡಿತು. ಡಬ್ಬಿ ನಿಮ್ಮದೇ, ಬೀಗದ ಅಂಗಡಿ ಮಾತ್ರ ಬೇರೆಯವರದು! ಕೊಂಡ ಅವಾಯಾವೇ 2017ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತು.

ಇನ್ನೊಂದು ಕಥೆ ಕೇಳಿ. ಅವಾಯಾದ ಐಪಿ ಆಫೀಸ್‌ಗೆ ಸಾವಿರಾರು ಕೀಗಳನ್ನು ಅದರ ನೌಕರನಾಗಿದ್ದವನೊಬ್ಬ ತಾನೇ ಸೃಷ್ಟಿಸಿ, ಅಗ್ಗದಲ್ಲಿ ಮಾರಿಸಿದ. ಬಿಟ್ಟುಹೋದ ನೌಕರರ ಖಾತೆಗಳನ್ನೂ ಬಳಸಿದ್ದ. ಮಾರುಕಟ್ಟೆ ದರದಲ್ಲಿ ಆ ಕೀಗಳ ಮೌಲ್ಯ 8.8 ಕೋಟಿ ಡಾಲರಿಗೂ ಹೆಚ್ಚು ಅಂತ ಅಮೆರಿಕದ ನ್ಯಾಯ ಇಲಾಖೆ ಲೆಕ್ಕ ಹಾಕಿತು. 2024ರಲ್ಲಿ ಅವನಿಗೆ ನಾಲ್ಕು ವರ್ಷ ಜೈಲಾಯಿತು. ನೋಟು ಖೋಟಾ ಆದರೆ ಕಣ್ಣಿಗೆ ಬೀಳಬಹುದು. ಇಲ್ಲಿ ಕೀ ಹುಟ್ಟಿದ್ದೇ ಅಸಲಿ ಟಂಕಸಾಲೆಯಲ್ಲಿ. ಕೊಂಡವನಿಗೆ ಗೊತ್ತಾಗುವುದಾದರೂ ಹೇಗೆ?

ಬೀಗವೇ ಬೇಡ ಅಂದವರೂ ಇದ್ದಾರೆ. ಎಕ್ಸ್‌ಚೇಂಜ್ ಕೊಳ್ಳಲು ದುಡ್ಡು ಸಾಲದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ತಾನೇ ಆಸ್ಟರಿಸ್ಕ್ ಬರೆದು ಮುಕ್ತವಾಗಿ ಹಂಚಿದ. ಆದರೆ ಎಲ್ಲರಿಗೂ ಅದನ್ನು ಸಾಕುವ ತಾಳ್ಮೆ ಇರಬೇಕಲ್ಲ.

ನಾನು ನನ್ನ ಗ್ರಾಹಕರಿಗೆ ಹೇಳುವುದು ಇಷ್ಟೇ. ಯಾವ ಡಬ್ಬಿ, ಅದರ ಐಡಿ ಏನು, ಯಾವ ಕೀ, ಯಾರ ಹೆಸರಿನಲ್ಲಿದೆ, ಬಿಲ್ ಎಲ್ಲಿ ಅನ್ನುವ ಪಟ್ಟಿ ನಿಮ್ಮ ಕಪಾಟಿನಲ್ಲೂ ಇರಲಿ. ಸರ್ವೀಸ್‌ನವನ ಹತ್ತಿರ ಮಾತ್ರ ಇದ್ದರೆ, ಅವನು ಅಂಗಡಿ ಮುಚ್ಚಿದ ದಿನ ನಿಮ್ಮ ಫೋನಿಗೂ ಯಜಮಾನ ಇಲ್ಲ. ಆಸ್ಪತ್ರೆಯಂಥ ಕಡೆ ಸುಟ್ಟುಹೋದ ಡಬ್ಬಿ ಬದಲಿಸಿ, ಕೀ ಸಿಗದೆ ಕೂತರೆ ಎಷ್ಟು ಕರೆಗಳು ತಪ್ಪುತ್ತವೆ, ನೀವೇ ಯೋಚಿಸಿ.