ನಾಣ್ಯದ ಮೇಲೆ ದೇವರಿದ್ದ ಜಾಗಕ್ಕೆ ರಾಜ ಬಂದ

ವಿಕ್ಟೋರಿಯಾ ರಾಣಿಯ ತಲೆ ಇರುವ ಬೆಳ್ಳಿ ರೂಪಾಯಿ ನಮ್ಮ ಕಡೆ ಹಲವು ಮನೆಗಳಲ್ಲಿ ಇನ್ನೂ ಇದೆ. ಕೆಲವರು ಲಕ್ಷ್ಮೀಪೂಜೆಗೆ ಅದನ್ನೇ ಇಡುತ್ತಾರೆ. ನಾಣ್ಯ ಎಂದರೆ ಆಳುವವರ ಮುಖ ಎಂಬುದು ನಮಗೆ ರೂಢಿ. ಹಳೆಯ ರೋಮ್‌ನಲ್ಲಿ ಬದುಕಿರುವವನ ಮುಖವನ್ನು ನಾಣ್ಯಕ್ಕೆ ಹಾಕುವ ಪದ್ಧತಿಯೇ ಇರಲಿಲ್ಲ. ಆ ಜಾಗ ದೇವರದು.

ಕ್ರಿ.ಪೂ. 211ರ ಸುಮಾರಿಗೆ ರೋಮನ್ನರು 'ಡೆನಾರಿಯಸ್' ಎಂಬ ಬೆಳ್ಳಿ ನಾಣ್ಯ ಶುರು ಮಾಡಿದರು. ಆಗ ಅದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ಮುಂದುಗಡೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಊರನ್ನೇ ದೇವಿಯಾಗಿ ಕಂಡ ರೂಪ ಅದು. ಹಿಂದುಗಡೆ ಈಟಿ ಹಿಡಿದು ಕುದುರೆ ಓಡಿಸುವ ಅವಳಿ ದೇವರು, ಕ್ಯಾಸ್ಟರ್ ಮತ್ತು ಪೊಲಕ್ಸ್. ನಮ್ಮ ಅಶ್ವಿನಿ ದೇವತೆಗಳು ನೆನಪಾಗುತ್ತಾರೆ.

ಟಂಕಸಾಲೆ ಇದ್ದದ್ದು ಜೂನೋ ಮೊನೇಟಾ ದೇವಿಯ ಗುಡಿಯ ಬಳಿ. ನಾವು ದಿನಾ ಆಡುವ 'ಮನಿ' ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಈ ಮೊನೇಟಾ ಹೆಸರಿನಿಂದಲೇ. ಕ್ರಿ.ಪೂ. 46ರಲ್ಲಿ ಟೈಟಸ್ ಕರಿಸಿಯಸ್ ಎಂಬ ಅಧಿಕಾರಿ ಹೊರಡಿಸಿದ ನಾಣ್ಯದಲ್ಲಿ ಒಂದು ಕಡೆ ಈ ದೇವಿ, ಇನ್ನೊಂದು ಕಡೆ ಇಕ್ಕಳ, ಸುತ್ತಿಗೆ, ಅಡಿಗಲ್ಲು. ನಮ್ಮೂರ ಕುಲುಮೆಯವರಿಗೆ ತೋರಿಸಿದರೆ ವಿವರಿಸುವುದೇ ಬೇಡ. ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ಸ್ವಲ್ಪ ಆಚೀಚೆ ಆದರೆ ದೇವರ ಮೂಗು ಅಂಚಿನ ಹೊರಗೆ!

ಎರಡೇ ವರ್ಷದಲ್ಲಿ ರೂಢಿ ಮುರಿಯಿತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಮುಖ ಡೆನಾರಿಯಸ್ ಮೇಲೆ ಬಂತು. ತಾನು ವೀನಸ್ ದೇವಿಯ ವಂಶದವನೆಂದು ಹೇಳಿಕೊಳ್ಳುತ್ತಿದ್ದ ಅವನು ಆಕೆಯನ್ನು ಹಿಂಬದಿಗೆ ಹಾಕಿಸಿದ. ಅದೇ ಮಾರ್ಚ್ 15ರಂದು ಅವನ ಕೊಲೆಯಾಯಿತು. ರಾಜನಾಗಲು ಹೊರಟಿದ್ದಾನೆಂದು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಮುಂದೆ ಮಾಡಿದ್ದೇನು? ಎರಡು ಕಠಾರಿಗಳ ಚಿತ್ರವಿರುವ ನಾಣ್ಯ ಹೊರಡಿಸಿ, ಇನ್ನೊಂದು ಬದಿಗೆ ತನ್ನದೇ ಮುಖ ಹಾಕಿಸಿದ. ಅಲ್ಲಿಗೆ ವಾದ ಮುಗಿದಂತೆ ಎಂದು ನಮಗನಿಸುತ್ತದೆ.

ಆಮೇಲೆ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲಕ್ಕೆ ಮುಂಬದಿ ಬಹುಪಾಲು ರಾಜನದು, ದೇವರಿಗೆ ಹಿಂಬದಿ. ನಮ್ಮ ನೆಲಕ್ಕೆ ವ್ಯಾಪಾರದ ದಾರಿಯಲ್ಲಿ ಬಂದದ್ದು ಹೆಚ್ಚಾಗಿ ಇಂಥವೇ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಕಾಮಗಾರಿಗೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅವುಗಳಲ್ಲಿ ಟೈಬೀರಿಯಸ್‌ನವೂ ಇದ್ದವು. ಟೈಬೀರಿಯಸ್‌ನ ಡೆನಾರಿಯಸ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹಿಂಬದಿಯಲ್ಲಿ ರಾಜದಂಡ, ಎಲೆಕೊಂಬೆ ಹಿಡಿದು ಕುಳಿತ ಹೆಂಗಸು. ಶಾಂತಿ ದೇವಿ ಎಂದು ಕೆಲವು ವಿದ್ವಾಂಸರು ಹೇಳಿದರೆ, ರಾಜನ ತಾಯಿ ಲಿವಿಯಾ ಎಂದು ಇನ್ನು ಕೆಲವರು ಹೇಳುತ್ತಾರೆ.