ಜ್ಞಾನಸ್ನಾನದಲ್ಲಿ ಅಳಿದ ಹೆಸರು: ಲಂಡನ್ನಿನ ಒಂದು ಧರ್ಮಸಂಸ್ಥೆಯ ದಾಖಲೆಗಳು

ಇಂಗ್ಲೆಂಡಿನಲ್ಲಿ ತಮ್ಮ ವಂಶದ ಮೂಲವನ್ನು ಅರಸುವವರಲ್ಲಿ ಕೆಲವರು ಒಂದು ವಿಚಿತ್ರ ಸಮಸ್ಯೆಯನ್ನು ಎದುರಿಸುತ್ತಾರೆ. ಮುತ್ತಜ್ಜನ ವಿವಾಹದ ದಾಖಲೆ ಸಿಗುತ್ತದೆ, ಅವನ ಮಕ್ಕಳ ಜ್ಞಾನಸ್ನಾನದ ದಾಖಲೆಯೂ ಸಿಗುತ್ತದೆ. ಅವನ ಜನನದ ದಾಖಲೆ ಮಾತ್ರ ಸಿಗುವುದಿಲ್ಲ. ಆ ದೇಶದಲ್ಲಿ ಜನನಗಳ ಸರಕಾರಿ ನೋಂದಣಿ 1837ರ ಜುಲೈ 1ರಂದೇ ಆರಂಭವಾಗಿತ್ತು. ಆದರೂ ಹೆಸರು ಇಲ್ಲದಿರಲು ಕಾರಣ ಸರಳ: ಆ ಶಿಶು ಹುಟ್ಟಿದಾಗ ಅದರ ಹೆಸರು ಬೇರೆಯಾಗಿತ್ತು. ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಧರ್ಮಸಂಸ್ಥೆಯಲ್ಲಿ ಬೆಳೆದವರ ವಂಶಜರಿಗೆ ಇದು ಪರಿಚಿತ ಅನುಭವ.

ಇಲ್ಲಿ ಹಾಸ್ಪಿಟಲ್ ಎಂದರೆ ರೋಗಿಗಳ ಆಸ್ಪತ್ರೆಯಲ್ಲ, ಆಶ್ರಯಧಾಮ. ಬೀದಿಯಲ್ಲಿ ಬಿದ್ದು ಸಾಯುತ್ತಿದ್ದ ಶಿಶುಗಳನ್ನು ಕಂಡು ಮರುಗಿದ ಹಡಗಿನ ಕಪ್ತಾನ ಥಾಮಸ್ ಕೋರಮ್, ಹಲವು ವರ್ಷಗಳ ಪ್ರಯತ್ನದ ನಂತರ 1739ರಲ್ಲಿ ಇದಕ್ಕೆ ರಾಜಾಜ್ಞೆಯನ್ನು ಪಡೆದನು. 1741ರ ಮಾರ್ಚ್ 25ರಂದು ಮೊದಲ ಶಿಶುಗಳು ಒಳಬಂದವು. 1954ರಲ್ಲಿ ಮಕ್ಕಳ ವಾಸ ಅಲ್ಲಿ ಕೊನೆಗೊಳ್ಳುವವರೆಗೆ 25,000ಕ್ಕೂ ಹೆಚ್ಚು ಮಕ್ಕಳು ಈ ಸಂಸ್ಥೆಯ ಆಶ್ರಯದಲ್ಲಿ ಬೆಳೆದರು. ಈ ಉಪಕಾರವನ್ನು ಹಗುರವಾಗಿ ಕಾಣಲಾಗದು. 1834ರ ಬಡವರ ಕಾನೂನು ವಿವಾಹವಿಲ್ಲದೆ ಹುಟ್ಟಿದ ಮಗುವಿನ ಪೂರ್ಣ ಹೊಣೆಯನ್ನು ತಾಯಿಯ ಮೇಲೆಯೇ ಹೊರಿಸಿತ್ತು. ಮನೆಗೆಲಸದಿಂದ ಜೀವಿಸುತ್ತಿದ್ದ ಹೆಣ್ಣಿಗೆ ಕಂಕುಳಲ್ಲಿ ಕೂಸಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಕೂಸಿಗೆ ಅನ್ನವಿಲ್ಲ.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ಪ್ರವೇಶದ ನಿಯಮಗಳು ಬಿಗಿಯಾಗಿದ್ದವು. ತಾಯಿ ಸ್ವತಃ ಮುದ್ರಿತ ಅರ್ಜಿಯೊಂದಿಗೆ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಮಗು ಒಂದು ವರ್ಷಕ್ಕಿಂತ ಕಿರಿಯದಾಗಿರಬೇಕು, ಅವಳ ಚೊಚ್ಚಲು ಮಗುವಾಗಿರಬೇಕು, ತಂದೆ ಕೈಬಿಟ್ಟಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅವಳ ಹಿಂದಿನ ನಡತೆ ಶುದ್ಧವಾಗಿತ್ತು ಎಂಬುದು ರುಜುವಾತಾಗಬೇಕು. ಆ ಪುರುಷನನ್ನು ಎಲ್ಲಿ ಕಂಡೆ, ವಿವಾಹದ ಮಾತು ಕೊಟ್ಟಿದ್ದನೇ, ಕಡೆಯ ಬಾರಿ ಯಾವಾಗ ನೋಡಿದೆ ಎಂದೆಲ್ಲ ಕೇಳಿ ಉತ್ತರಗಳನ್ನು ಬರೆದುಕೊಳ್ಳುತ್ತಿದ್ದರು. ಸಂಸ್ಥೆಯ ವಿಚಾರಕನು ಅವಳು ಹೇಳಿದ್ದನ್ನು ಹೊರಗೆ ಹೋಗಿ ಪರಿಶೀಲಿಸುತ್ತಿದ್ದನು. ದೇವರ ಕೃಪೆಯು ಅರ್ಹತೆಯನ್ನು ನೋಡಿ ಬರುವುದಿಲ್ಲವೆಂದು ಬೋಧಿಸುವ ಧರ್ಮಸಭೆಯ ನೆರಳಿನಲ್ಲಿಯೇ, ಹಸಿದ ಕೂಸಿನ ಪಾಲಿನ ದಯೆಗೆ ತಾಯಿಯ ಅರ್ಹತೆ ಅಳತೆಗೋಲಾಯಿತು.

ಅರ್ಜಿ ಅಂಗೀಕೃತವಾದರೆ ತಾಯಿಯ ಕೈಗೆ ಒಂದು ರಸೀದಿ ಬರುತ್ತಿತ್ತು. ಮಗುವಿಗೆ ಪ್ರಾರ್ಥನಾಲಯದಲ್ಲಿ ಜ್ಞಾನಸ್ನಾನವಾಗಿ ಹೊಸ ಹೆಸರೂ ಹೊಸ ಕುಲನಾಮವೂ ದೊರೆಯುತ್ತಿದ್ದವು. ಆರಂಭದ ದಿನಗಳಲ್ಲಿ ಮೊದಲ ಗಂಡುಮಗುವಿಗೂ ಹೆಣ್ಣುಮಗುವಿಗೂ ಸಂಸ್ಥಾಪಕನ ಮತ್ತು ಅವನ ಪತ್ನಿಯ ಹೆಸರುಗಳನ್ನೇ, ಅಂದರೆ ಥಾಮಸ್ ಕೋರಮ್ ಮತ್ತು ಯೂನಿಸ್ ಕೋರಮ್ ಎಂದು, ಇಟ್ಟಿದ್ದರು. ಆ ಹೊಸ ಹೆಸರನ್ನು ತಾಯಿಗೆ ತಿಳಿಸುತ್ತಿರಲಿಲ್ಲ. ಶಿಶುವನ್ನು ಹಳ್ಳಿಯ ಸಾಕುತಾಯಿಯ ಬಳಿ ಬಿಟ್ಟು, ಸುಮಾರು ಐದನೆಯ ವಯಸ್ಸಿನಲ್ಲಿ ಲಂಡನ್ನಿಗೆ ಮರಳಿ ತರುತ್ತಿದ್ದರು. ಹೀಗೆ ಅದು ಎರಡನೆಯ ತಾಯಿಯನ್ನೂ ಕಳೆದುಕೊಳ್ಳುತ್ತಿತ್ತು.

ಇಷ್ಟಾದರೂ, ಹೆಸರನ್ನು ಅಳಿಸಿದ ಸಂಸ್ಥೆಯೇ ಅದನ್ನು ಉಳಿಸಿಯೂ ಇಟ್ಟಿತು. ಪ್ರತಿ ಮಗುವಿಗೂ ಒಂದು ಕ್ರಮಸಂಖ್ಯೆ ಇತ್ತು. ತಾಯಂದಿರ ಅರ್ಜಿಗಳನ್ನು, ತಿರಸ್ಕೃತವಾದವುಗಳನ್ನು ಸಹ, ಜೋಪಾನವಾಗಿ ಕಾಯ್ದಿರಿಸಿದರು. ಇಂದು ಆ ಕಾಗದಪತ್ರಗಳು ಲಂಡನ್ ನಗರದ ದಾಖಲೆಗಳ ಭಂಡಾರದಲ್ಲಿವೆ. ವಂಶಜನು ಮುತ್ತಜ್ಜನಿಗೆ ಸಂಸ್ಥೆ ಕೊಟ್ಟ ಹೆಸರಿನಿಂದ ಆರಂಭಿಸಿ, ದಾಖಲಾತಿ ಪುಸ್ತಕದ ಮೂಲಕ ತಾಯಿಯ ಅರ್ಜಿಗೆ ಬರಬೇಕು. ಅಲ್ಲಿ ಅವಳ ಹೆಸರು ಸಿಕ್ಕಿದ ಮೇಲೆಯೇ ಜನನದ ನೋಂದಣಿಯಲ್ಲಿ ಹುಡುಕಲು ಸಾಧ್ಯ. ಅವಳ ಮಾನವನ್ನು ತೂಗಲೆಂದು ಬರೆದುಕೊಂಡ ಹಾಳೆಯೇ ಅವಳು ಮಗುವಿಗಾಗಿ ಅಂಗಲಾಚಿದ್ದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ತನ್ನ ಮುತ್ತಜ್ಜ ಬೇಡವಾದ ಕೂಸೆಂದು ನಂಬಿದ್ದವನು, ಅವನನ್ನು ಬದುಕಿಸಲು ಅಪರಿಚಿತ ಗಂಡಸರ ಮುಂದೆ ನಿಂತ ಹೆಣ್ಣೊಬ್ಬಳನ್ನು ಅಲ್ಲಿ ಕಾಣುತ್ತಾನೆ.

ಆ ಸಂಸ್ಥೆಯಲ್ಲಿಯೇ ಬೆಳೆದ ಜಾನ್ ಬ್ರೌನ್‌ಲೋ 1849ರಲ್ಲಿ ಅದರ ಕಾರ್ಯದರ್ಶಿಯಾದನು. ಅವನ ಮಗಳು ಎಮ್ಮಾ 1858ರಲ್ಲಿ ಬರೆದ ಚಿತ್ರವೊಂದರಲ್ಲಿ ತಾಯಿಯೊಬ್ಬಳು ಮಗುವನ್ನು ಮರಳಿ ಪಡೆಯುತ್ತಿದ್ದಾಳೆ. ಬ್ರೌನ್‌ಲೋ ಅಲ್ಲಿಯೇ ಇದ್ದಾನೆ. ರಸೀದಿ ನೆಲದ ಮೇಲೆ ಬಿದ್ದಿದೆ. ಆದರೆ ಹಾಗೆ ಮರಳಿದ ಮಕ್ಕಳು ವಿರಳ.

ಈ ಚರಿತ್ರೆಯನ್ನು ಓದುವಾಗ ವಿಮೋಚನಕಾಂಡದ ಎರಡನೆಯ ಅಧ್ಯಾಯ ನೆನಪಾಗುವುದು ಸಹಜ. ಅಲ್ಲಿಯೂ ತಾಯಿಯೊಬ್ಬಳು ಕೂಸನ್ನು ಉಳಿಸಲೆಂದೇ ಬಿಟ್ಟುಕೊಡುತ್ತಾಳೆ. ಅಲ್ಲಿಯೂ ಎತ್ತಿಕೊಂಡವಳೇ ಹೆಸರಿಡುತ್ತಾಳೆ. ಆ ಅಧ್ಯಾಯದಲ್ಲಿ ಮೋಶೆಯ ತಂದೆತಾಯಿಗಳು ಲೇವಿ ಕುಲದವರು ಎಂಬುದಷ್ಟೇ ತಿಳಿಯುತ್ತದೆ. ಆರನೆಯ ಅಧ್ಯಾಯದ ವಂಶಾವಳಿಯಲ್ಲಿ ಮಾತ್ರ ಅಮ್ರಾಮ್ ಮತ್ತು ಯೋಕೆಬೆದ ಎಂಬ ಅವರ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಮೋಶೆ ಫರೋಹನ ಮಗಳು ಇಟ್ಟ ಹೆಸರನ್ನು ಕಳೆದುಕೊಳ್ಳುವುದಿಲ್ಲ; ಆದರೆ ಪವಿತ್ರ ಗ್ರಂಥವು ಹೆತ್ತವಳ ಹೆಸರನ್ನೂ ಬಿಟ್ಟುಬಿಡುವುದಿಲ್ಲ. ವಂಶಾವಳಿಗಳನ್ನು ನೀರಸವೆಂದು ದಾಟಿ ಹೋಗುವ ನಾವು ಇದನ್ನು ಗಮನಿಸಬೇಕು.

ಜ್ಞಾನಸ್ನಾನವು ಕ್ರಿಸ್ತರಲ್ಲಿ ಹೊಸ ಜನ್ಮವನ್ನು ಕೊಡುತ್ತದೆ. ಹಳೆಯ ಜನ್ಮವನ್ನು ನಾಚಿಕೆಯ ವಿಷಯವೆಂದು ಮುಚ್ಚಿಡುವ ಸಾಧನ ಅದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ವಿಧಿಯು ಅವಿವಾಹಿತ ತಾಯಿಯ ವಿಷಯದಲ್ಲಿ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬಹುದು: ಅವಳ ಮಾತೃತ್ವ ಸಾರ್ವಜನಿಕವಾಗಿ ತಿಳಿದಿದ್ದರೆ, ಅಥವಾ ಅವಳೇ ಲಿಖಿತವಾಗಿಯೋ ಇಬ್ಬರು ಸಾಕ್ಷಿಗಳ ಮುಂದೆಯೋ ಸ್ವಇಚ್ಛೆಯಿಂದ ಕೇಳಿಕೊಂಡರೆ, ಅವಳ ಹೆಸರನ್ನು ಬರೆಯಲೇಬೇಕು. ಅವಳ ಗೌಪ್ಯಕ್ಕೂ ಮಗುವಿನ ಸತ್ಯಕ್ಕೂ ಅಲ್ಲಿ ಸ್ಥಾನವಿದೆ. ನಡತೆಯ ವಿಚಾರಣೆಗೆ ಸ್ಥಾನವಿಲ್ಲ.

ಮುಂದೆ ಧರ್ಮಕೇಂದ್ರಗಳಲ್ಲಿ ಈ ಪುಸ್ತಕಗಳನ್ನು ನಿರ್ವಹಿಸಲಿರುವ ಗುರುಮಠದ ವಿದ್ಯಾರ್ಥಿಗಳು ಇದನ್ನು ಕಚೇರಿಯ ಕೆಲಸವೆಂದು ಭಾವಿಸದಿರಲಿ. ಒಂಟಿಯಾಗಿ ಕೂಸನ್ನೆತ್ತಿಕೊಂಡು ಬಂದ ತಾಯಿಗೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು, ಪುಸ್ತಕದಲ್ಲಿ ನಾವು ಬರೆಯುವುದೇನು ಎಂಬುದನ್ನು ನೂರು ವರ್ಷಗಳ ನಂತರ ಆ ಕೂಸಿನ ಮೊಮ್ಮಕ್ಕಳ ಮಕ್ಕಳು ಓದಬಹುದು.