ಮಂಥರೆಗೂ ಒಂದು ಕಥೆಯಿದೆ

ಹೋಮರನ ‘ಒಡಿಸ್ಸಿ’ಯ ಕೊನೆಯ ಭಾಗದಲ್ಲಿ ಒಂದು ಘಟನೆಯಿದೆ. ಇಪ್ಪತ್ತು ವರ್ಷಗಳ ನಂತರ ಊರಿಗೆ ಬಂದ ರಾಜ ಒಡಿಸ್ಯೂಸ್, ಹೆಂಡತಿ ಪೆನೆಲೊಪೆಯನ್ನು ಮದುವೆಯಾಗೆಂದು ಕಾಡುತ್ತಿದ್ದ ಗಂಡಸರನ್ನೆಲ್ಲ ಕೊಲ್ಲುತ್ತಾನೆ. ಅದಾದ ಮೇಲೆ, ಅವರ ಜೊತೆ ಮಲಗಿದರೆಂಬ ಕಾರಣಕ್ಕೆ ಮನೆಯ 12 ಮಂದಿ ಕೆಲಸದ ಹೆಂಗಸರನ್ನು ಅವನ ಮಗ ನೇಣಿಗೇರಿಸುತ್ತಾನೆ. ಕಾವ್ಯ ಇದಕ್ಕೆ ಕೊಡುವುದು ಕೆಲವೇ ಸಾಲು. 2005ರಲ್ಲಿ ಕೆನಡಾದ ಮಾರ್ಗರೆಟ್ ಅಟ್‌ವುಡ್ ಆ ಹನ್ನೆರಡು ಹೆಂಗಸರಿಗೆ ಬಾಯಿ ಕೊಟ್ಟು ‘ದಿ ಪೆನೆಲೋಪಿಯಾಡ್’ ಬರೆದರು. 2018ರಲ್ಲಿ ಪ್ಯಾಟ್ ಬಾರ್ಕರ್ ಟ್ರಾಯ್ ಯುದ್ಧವನ್ನು ಸೆರೆಯಾಳು ಹೆಣ್ಣೊಬ್ಬಳ ಕಣ್ಣಿನಿಂದ ಹೇಳಿದರು. ಅದೇ ವರ್ಷ ಮ್ಯಾಡೆಲಿನ್ ಮಿಲ್ಲರ್ ಅವರ ‘ಸರ್ಸಿ’ ಬಂತು.

ಇದನ್ನು ಹೊಸ ಅಲೆ ಎನ್ನುತ್ತಾರೆ. ಆದರೆ ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಇಂಥ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದ್ದರು. 1936ರಲ್ಲಿ ಆರಂಭಿಸಿ ಸುಮಾರು ಹತ್ತು ವರ್ಷ ಬರೆದ ‘ಶ್ರೀ ರಾಮಾಯಣ ದರ್ಶನಂ’ಗೆ 1967ರ ಜ್ಞಾನಪೀಠ ಪ್ರಶಸ್ತಿ ಬಂತು. ಅದರಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಬೀಳುವುದಿಲ್ಲ, ರಾಮನೂ ಬೀಳುತ್ತಾನೆ. ಲಕ್ಷ್ಮಣ ಕಾಡಿಗೆ ಹೋದ ಮೇಲೆ ಎಲ್ಲರೂ ಮರೆತ ಊರ್ಮಿಳೆ ಇಲ್ಲಿ ತಪಸ್ವಿನಿ.

ಶಾಲೆಯಲ್ಲಿ ನಾವು ಕೇಳಿದ್ದು ಹೆಚ್ಚಾಗಿ ರಾಮನ ಅಗ್ನಿಪ್ರವೇಶದ ಬಗ್ಗೆ. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಮಂಥರೆಯದು. ಗೂನುಬೆನ್ನಿನ ಈ ದಾಸಿ ಕಥೆಯನ್ನು ಕೆಡಿಸಲೆಂದೇ ಇರುವವಳು ಎಂಬುದು ರೂಢಿ. ಕುವೆಂಪು ಆ ಭಾಗಕ್ಕೆ ‘ಮಮತೆಯ ಸುಳಿ ಮಂಥರೆ’ ಎಂದೇ ಹೆಸರಿಟ್ಟರು. ಅವಳನ್ನು ನಡೆಸುವುದು ವಿಷವಲ್ಲ, ಎಲ್ಲರೂ ಹಳಿದವಳೊಬ್ಬಳ ಕುರುಡು ಪ್ರೀತಿ. ಕೊನೆಗೆ ರಾಮನನ್ನು ಹುಡುಕಿಕೊಂಡು ತಾನೇ ಕಾಡಿಗೆ ಹೊರಟು, ಕಾಡ್ಗಿಚ್ಚಿಗೆ ಸಿಕ್ಕಿ ಸಾಯುತ್ತಾಳೆ. ಬೇಸಿಗೆಯಲ್ಲಿ ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗುಡ್ಡಗಳು ಉರಿಯುವುದನ್ನು ನೋಡಿದವರಿಗೆ ಅದು ಬರೀ ಅಲಂಕಾರ ಅನ್ನಿಸಲಾರದು. ರಾಣಿಯರಿಗೆ ನ್ಯಾಯ ಕೊಡುವುದು ಸುಲಭ. ಅಡುಗೆಮನೆಯ ಬಾಗಿಲಲ್ಲಿ ನಿಂತವಳಿಗೆ ಕೊಡುವುದೇ ಕಷ್ಟ. ಅಟ್‌ವುಡ್ ಮತ್ತು ಕುವೆಂಪು ಭೇಟಿಯಾಗುವುದು ಅಲ್ಲಿ.

ಒಂದು ವ್ಯತ್ಯಾಸವೂ ಇದೆ. ಅಟ್‌ವುಡ್ ಕೃತಿಯಲ್ಲಿ ಸತ್ತ ಹೆಂಗಸರು ತಾವೇ ಮಾತಾಡುತ್ತಾರೆ, ತಮ್ಮನ್ನು ಕೊಂದವರನ್ನು ಕೇಳುತ್ತಾರೆ. ಮಂಥರೆಗೆ ಸಿಕ್ಕಿದ್ದು ಕವಿಯ ಕರುಣೆ. 2017ರಲ್ಲಿ ಎಸ್.ಎಲ್. ಭೈರಪ್ಪನವರ ‘ಉತ್ತರಕಾಂಡ’ದಲ್ಲಿ ಸೀತೆ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಆದರೆ ಅವಳೂ ರಾಣಿ, ಬರೆದವರೂ ಗಂಡಸು.

ಈ ಮಾತು ನಮ್ಮ ಕಾಫಿ ಬೆಟ್ಟಗಳಿಗೂ ಸಲ್ಲುತ್ತದೆ. ಇಲ್ಲಿಗೂ ಒಂದು ಪುರಾಣವಿದೆ: ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಗುಟ್ಟಾಗಿ ತಂದು ಗಿರಿಯಲ್ಲಿ ಬಿತ್ತಿದರು ಎಂದು. ಅಲ್ಲಿಂದ ಮುಂದಿನ ಕಥೆ ಬ್ರಿಟಿಷ್ ಪ್ಲಾಂಟರುಗಳದು, ನಂತರ ಊರಿನ ಪ್ಲಾಂಟರುಗಳದು. ಮೂಡಿಗೆರೆ, ಕಳಸದ ತೋಟಗಳಲ್ಲಿ ಚಳಿಗಾಲ ಪೂರ್ತಿ ಹಣ್ಣು ಕುಯ್ದು, ಸಂಜೆ ಚೀಲ ಹೊತ್ತು ತೂಕಕ್ಕೆ ನಿಲ್ಲುವ ಹೆಂಗಸರು ಆ ಕಥೆಯಲ್ಲಿ ಬರುವುದು ‘ಆಳುಗಳು’ ಎಂಬ ಒಂದೇ ಪದದಲ್ಲಿ. ಅವರಲ್ಲಿ ಕನ್ನಡ, ತುಳು, ತಮಿಳು ಮಾತಾಡುವವರಿದ್ದಾರೆ; ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬಂದವರೂ ಇದ್ದಾರೆ.

ಪುರಾಣವನ್ನು ಮತ್ತೆ ಹೇಳುವುದೆಂದರೆ ಹಳೆಯ ರಾಣಿಗೆ ಹೊಸ ಸೀರೆ ಉಡಿಸುವುದಲ್ಲ. ಕಥೆ ನಡೆಯುವಾಗ ಅಲ್ಲೇ ಕೆಲಸ ಮಾಡುತ್ತಿದ್ದವರು ಯಾರೆಂದು ಕೇಳುವುದು. ವರದಿಗಾರರಾದ ನಮ್ಮ ಕೆಲಸವೂ ಬೇರೆಯದಲ್ಲ. ಲೈನ್ ಮನೆಗಳ ಅಜ್ಜಿಯರು ಇನ್ನೂ ಇದ್ದಾರೆ. ಅವರ ಪರವಾಗಿ ಮರುಗುವ ಕವಿ ಬೇಕಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವವರು ಬೇಕು, ಅದೂ ಬೇಗ.